ಸೊಟ್ಟ ನೆಟ್ಟಿದ್ದಲ್ಲ, ನೆಲ ಸರಿದದ್ದು

ಭೂಕಂಪದ ಅಪಾಯ ಅಂದಾಜು ಮಾಡುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನೆಲ ಸರಿದ ಗೆರೆಯ ಮೇಲೆಯೇ ನಮ್ಮೂರ ಅಂಗನವಾಡಿಗೆ ಪಾಯ ತೋಡಲು ತಾವು ಒಪ್ಪಿಗೆ ಕೊಟ್ಟಿದ್ದೀರಿ. ‘ಲಘು ಕಂಪನ, ಆತಂಕ ಬೇಡ’ ಎಂದು ಷರಾ ಬರೆದು ಕೈತೊಳೆದುಕೊಂಡಿದ್ದೀರಿ. ಅಲ್ಲಿ ಕೂರಬೇಕಾದ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ಆದ್ದರಿಂದ ತಮ್ಮ ಅಪ್ಪಣೆ ಇಲ್ಲದೆಯೇ ಆತಂಕ ಪಡುತ್ತಿದ್ದೇನೆ.

ಮಾಯಸಂದ್ರದ ಆಚೆಯ ನಮ್ಮ ಮನೆಗಳಲ್ಲಿ, ಕೊಬ್ಬರಿಯಾಗಲೆಂದು ತೆಂಗಿನಕಾಯಿಗಳನ್ನು ವರ್ಷಗಟ್ಟಲೆ ಅಟ್ಟದಲ್ಲಿ ಹಾಕಿರುತ್ತೇವೆ. ಅಟ್ಟದಲ್ಲಿ ಸದ್ದಾದರೆ ಹೆಗ್ಗಣ, ಇಲ್ಲವೇ ಕಳ್ಳ. ಭೂಕಂಪವೂ ಇರಬಹುದೆಂದು ನಮಗೆ ಹೇಳಿಕೊಟ್ಟವರಿಲ್ಲ. ಭೂಮಿ ನಡುಗಿದ ಆ ಮಧ್ಯಾಹ್ನ ಕಾಯಿಗಳು ಉರುಳಾಡಿದಾಗ ನಮ್ಮತ್ತೆ ಚಿಕ್ಕಗೌರಮ್ಮ, “ಹೆಗ್ಗಣ ಸೇರ್ಕಂಡವೆ ಕಣೇ, ಕೋಲ್ ತಗಂಬಾ” ಎನ್ನುತ್ತಾ ಏಣಿ ಹತ್ತಿದರು. ಮನೆಯಿಂದ ಹೊರಗೆ ಓಡಬೇಕಾದ ಹೊತ್ತಿನಲ್ಲಿ ಅಟ್ಟಕ್ಕೆ ಹೊರಟರು! ಏಣಿ ಸಮೇತ ಬಿದ್ದು ಸೊಂಟ ಮುರಿದುಕೊಂಡು ಇವತ್ತಿಗೂ ಮಂಚ ಹಿಡಿದಿದ್ದಾರೆ. ತಮಗೆ ನಗು ಬಂದರೆ ನಕ್ಕುಬಿಡಿ. ನನಗೆ ಹೊಟ್ಟೆ ಉರಿಯುತ್ತದೆ.

ಕಂಪನ ನಿಂತಿತು, ನಿಜ. ಸರಿದ ನೆಲ ವಾಪಸು ಬಂತೇ? ನಮ್ಮ ಮಾವ ಹಗ್ಗ ಎಳೆದು ನೇರವಾಗಿ ನೆಟ್ಟಿದ್ದ ತೆಂಗಿನ ಸಾಲುಗಳೆಲ್ಲ ತೋಟದ ನಡುವೆ ಗೇಣು ಪಕ್ಕಕ್ಕೆ ಜರುಗಿ ನಿಂತಿವೆ. ಸಾಲುಗಳು ಮುರಿದ ಆ ಗೆರೆ ಬದು ದಾಟಿ ಸೀದಾ ಅಂಗನವಾಡಿಯ ಜಾಗಕ್ಕೆ ಹೋಗುತ್ತದೆ. ನೋಡಲು ಬಂದ ತಮ್ಮ ಎಂಜಿನಿಯರು, “ನಿಮ್ಮ ಮಾವ ಸೊಟ್ಟ ನೆಟ್ಟಿರ್ಬೇಕು ಬಿಡಿ” ಅಂದರು. ಅಷ್ಟೂ ಸಾಲನ್ನು ಒಂದೇ ಗೆರೆಯಲ್ಲಿ ಸೊಟ್ಟ ಮಾಡುವ ಜಾಣತನ ಪಾಪ, ನಮ್ಮ ಮಾವನಿಗೆ ಎಲ್ಲಿಂದ ಬರಬೇಕು? ಮಂಚದಿಂದಲೇ ಅತ್ತೆ ಕೂಗಿದರು: “ಹಗ್ಗದ ಇನ್ನೊಂದ್ ತುದಿ ಹಿಡ್ದಿದ್ದೋಳು ನಾನು ಕಣಪ್ಪ. ಹೆಗ್ಗಣ ಅಂದ್ಕಂಡಿದ್ದು ನನ್ ತಪ್ಪು. ಹಗ್ಗದ್ದೇನ್ ತಪ್ಪಿಲ್ಲ.” ಅಷ್ಟರಲ್ಲಿ ಎಂಜಿನಿಯರು ಜೀಪು ಹತ್ತಿಯಾಗಿತ್ತು.

ಅಲುಗಾಟವನ್ನು ಗಟ್ಟಿ ಗೋಡೆ ತಡೆದೀತು. ಕಾಲಡಿಯ ನೆಲವೇ ಆಚೆಗೊಂದು ಈಚೆಗೊಂದು ಹೋದರೆ, ಅಮ್ಮಸಂದ್ರದ ಫ್ಯಾಕ್ಟರಿಯ ಸಿಮೆಂಟನ್ನೆಲ್ಲ ಸುರಿದರೂ ಹಿಡಿದು ನಿಲ್ಲಿಸಲಾದೀತೇ? ಒಮ್ಮೆ ಸರಿದದ್ದು ಮತ್ತೆ ಸರಿಯುವುದಿಲ್ಲವೆಂದು ತಮ್ಮ ಕಿವಿಯಲ್ಲಿ ಭೂಮಿತಾಯಿ ಹೇಳಿದಳೇ?

ಪಾಯದ ಕೆಲಸ ಈಗಲೇ ನಿಲ್ಲಿಸಿ. ಗೆರೆಗೆ ಅಡ್ಡಲಾಗಿ ಆಳವಾದ ಗುಂಡಿ ತೆಗೆಸಿ. ಮಣ್ಣಿನ ಪದರ ಹಿಂದೆ ಎಷ್ಟು ಸಲ, ಎಷ್ಟೆಷ್ಟು ಜರುಗಿದೆ ನೋಡಿ, ಮುಂದೆ ಎಷ್ಟು ಜರುಗಬಹುದು ಎಂದು ಅಂದಾಜು ಮಾಡಿಸಿ. ಮಕ್ಕಳ ಕೋಣೆಯನ್ನು ಆ ಗೆರೆಯಿಂದ ದೂರ ಕಟ್ಟಿಸಿ.

ನಂಬಿಕೆ ಬರದಿದ್ದರೆ ತಾವೇ ಬನ್ನಿ. ಆ ಹಗ್ಗ ಇನ್ನೂ ನಮ್ಮ ಮನೆಯಲ್ಲಿದೆ. ಅತ್ತೆಯನ್ನು ಮಂಚ ಸಮೇತ ತೋಟಕ್ಕೆ ಹೊತ್ತು ತರುತ್ತೇವೆ. ಒಂದು ತುದಿ ಅವರು ಹಿಡಿಯುತ್ತಾರೆ. ಇನ್ನೊಂದು ತುದಿ ತಾವು ಹಿಡಿಯಿರಿ.

ಇಂತಿ,
ಆತಂಕ ಪಡಲು ಅನುಮತಿ ಸಿಗದ ಒಬ್ಬ ತಾಯಿ,
ನಿರ್ಮಲಾ