ಬೇಲಿಗೆ ಹಬ್ಬಿದ ಬಳ್ಳಿ

ಗುತ್ತಿಗಾರು, ಮಂಗಳವಾರ

ತ್ಯಾಂಪಣ್ಣನವರಿಗೆ ಪಕ್ಕದ ತೋಟದ ಶಶಿಪ್ರಭಾಳ ನಮಸ್ಕಾರ.

ಕಾಲೇಜಿನಲ್ಲಿ ನಾನು ಚಿಂಪಾಂಜಿಗಳ ಒಂದು ಪ್ರಯೋಗ ಪಾಠ ಮಾಡುತ್ತೇನೆ. ಎರಡು ಚಿಂಪಾಂಜಿಗಳ ಮುಂದೆ ಹಣ್ಣಿನ ತಟ್ಟೆ, ಅದನ್ನು ಹತ್ತಿರ ಎಳೆಯಲು ಹಗ್ಗ. ಹಗ್ಗ ಎಳೆದದ್ದಕ್ಕೆ ಹಣ್ಣು ಕಡಿಮೆ, ಸುಮ್ಮನಿದ್ದದ್ದಕ್ಕೆ ಹೆಚ್ಚು. ಯಾವುದೂ ಎಳೆಯದಿದ್ದರೆ ಎರಡಕ್ಕೂ ಇಲ್ಲ. ಎರಡೂ ಕಾಯುತ್ತವೆ. ಆದರೂ ಹೆಚ್ಚಿನ ಸಲ ಕೊನೆಗೆ ಒಂದು ಎಳೆಯುತ್ತದೆ.

ಆನೆ ಬಾರದಂತೆ ನಮ್ಮಿಬ್ಬರ ತೋಟಕ್ಕೂ ಸೇರಿಸಿ ಹಾಕಿದ ಕರೆಂಟು ಬೇಲಿಗೆ ಬಳ್ಳಿ ಹಬ್ಬಿ ಕರೆಂಟು ನಿಂತಾಗ ನೀವು, "ಬಳ್ಳಿ ಕಡಿಯಲಿಕ್ಕೆ ನೀವೇ ಸುರು ಮಾಡಿ ಮಾರಾಯ್ರೆ, ಕಾಲೇಜಿಗೆ ರಜೆ ಉಂಟಲ್ಲ" ಎಂದಿರಿ. ಸುರು ಮಾಡಿದರೆ ಇಡೀ ಬೇಲಿ ನನ್ನ ತಲೆಗೆ ಬರುತ್ತದೆಂದು ನಾನೂ ಕಾದೆ. ಆನೆ ಬಂತು. ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸಕ್ಕೆ ಬಂದಿದ್ದ ಅಮ್ಮುವಿನ ಕಾಲು ತುಳಿಯಿತು.

ನಿನ್ನೆ ಆಸ್ಪತ್ರೆಯಲ್ಲಿ ಅವಳು, "ಅಕ್ಕಾ, ಬೇಲಿ ಸರಿ ಆಯ್ತಾ?" ಎಂದು ಕೇಳಿದಳು. ಆಯಿತು ಎಂದೆ. ಬಳ್ಳಿ ಇನ್ನೂ ಹಾಗೆಯೇ ಇದೆ.

ನಾಳೆ ಬೆಳಿಗ್ಗೆ ಏಳಕ್ಕೆ ಕತ್ತಿ ಹಿಡಿದು ಬೇಲಿಯ ಬಳಿ ಹೋಗುತ್ತೇನೆ. ನೀವು ಬಂದರೆ ಒಳ್ಳೆಯದು, ಕಾಯುವುದಿಲ್ಲ.

ಶಶಿಪ್ರಭಾ