ಗದ್ದ ಹಿಡಿದ ಕೈ

3 ನವೆಂಬರ್ 1981, ಬೆಳಿಗ್ಗೆ 7
ತಾಲೀಮು. ಹಾಲ್‌ನ ನೆಲ ತಣ್ಣಗೆ. ಹುಡುಗಿಯರದು ಬರಿಗಾಲಲ್ಲಿ ನಿಲ್ಲಲು ಗೊಣಗಾಟ. ಹೆಣದ ಪಾತ್ರಕ್ಕೆ ಹೊಸದಾಗಿ ಬಂದ ಸಾವಂತ್ರವ್ವನಿಗೆ ಸಾಯಲು ಇನ್ನೂ ಬಂದಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರಬೇಕು, ಪಕ್ಕದಲ್ಲಿ ನಾನು ಗದ್ದ ಹಿಡಿಯಬೇಕು. ಹನ್ನೆರಡು ನಿಮಿಷದ ನೃತ್ಯ, ಕೊನೆ ಇದು. ತಲೆಯ ಭಾರ ನನ್ನ ಕೈಗೆ ಬಿಡುವುದೇ ಇಲ್ಲ ಪುಣ್ಯಾತ್ಗಿತ್ತಿ. ಸತ್ತವರು ಕತ್ತು ಬಿಗಿ ಹಿಡಿಯುವುದಿಲ್ಲ ಎಂದು ರೇಗಿದೆ. ಅತ್ತಳು.

5 ನವೆಂಬರ್
ಈ ನೃತ್ಯವನ್ನು ಮುಂಬಯಿಯಲ್ಲಿ ಹೊಗಳಿದ ಮೇಲೆ ಊರವರಿಗೂ ನನ್ನ ನೆನಪಾಗಿದೆ. ಹದಿನಾಲ್ಕಕ್ಕೆ ಬೆಳಗಾವಿಯಲ್ಲಿ ಶೋ. ಏರ್ಪಾಡು ಬಂಡೆಪ್ಪನವರದು. ನನ್ನನ್ನು ಕೇಳದೆ ಖಾನಾಪುರಕ್ಕೆ ಹೋಗಿ ಅವ್ವನಿಗೂ ಪಾಸ್ ಕೊಟ್ಟು ಬಂದಿದ್ದಾರೆ. ಬರುತ್ತೇನೆ ಅಂದಳಂತೆ.

6 ನವೆಂಬರ್
ಬರೆದೇ ಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ...
1956. ನನಗೆ ಹನ್ನೊಂದು. ಅಕ್ಕ ಶಿವಬಸವ್ವ ಜ್ವರದಲ್ಲಿ ಹೋದಳು. ನಮ್ಮಲ್ಲಿ ಹೆಣವನ್ನು ಕೂರಿಸುತ್ತೇವೆ. ವಿಭೂತಿ, ಮಾಲೆ, ಹೊಸ ಸೀರೆ. ತಲೆ ವಾಲದಂತೆ ಯಾರಾದರೂ ಪಾಳಿಯಲ್ಲಿ ಗದ್ದ ಹಿಡಿಯಬೇಕು. ಭಜನೆಯವರು ಚಹಾಕ್ಕೆ ಎದ್ದಾಗ ನನ್ನ ಪಾಳಿ. ಕೈ ಸೋತಿತು. ಬಿಟ್ಟೆ. ತಲೆ ಎದೆಯ ಮೇಲೆ ಬಿತ್ತು. ಹಿತ್ತಲಿಗೆ ಓಡಿ ಬಣವಿ ಹಿಂದೆ ಅಡಗಿದೆ.
ತಿರುಗಿ ಬಂದರೆ ತಲೆ ನೆಟ್ಟಗಿತ್ತು. ಒಳಗೆ ಯಾರೂ ಇರಲಿಲ್ಲ.
ತಾನೇ ಎತ್ತಿಕೊಂಡಳು ಅಂತಲೇ ಇಪ್ಪತ್ತೈದು ವರ್ಷ ಹೆದರಿದ್ದೇನೆ. ಒಬ್ಬಳೇ ಇದ್ದಾಗ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತೇನೆ. ನೃತ್ಯದಲ್ಲಿ ಮಾತ್ರ ಕೊನೆಯವರೆಗೂ ಕೈ ಬಿಡುವುದಿಲ್ಲ. ಶುದ್ಧ ಸುಳ್ಳು. ಅದಕ್ಕೇ ಮುಂಬಯಿ ಮಂದಿ ಅತ್ತರು. ಅವ್ವನ ಮುಂದೆ ಈ ಸುಳ್ಳು ಆಡಲಾರೆ.

13 ನವೆಂಬರ್
ಕೊನೆ ಬದಲಿಸಿದೆ. ಕೈ ಬಿಡುತ್ತೇನೆ, ತಲೆ ಬೀಳುತ್ತದೆ. ಸಾವಂತ್ರವ್ವ ಕೇಳಿದಳು: "ಆಮ್ಯಾಲ ತಲಿ ಯಾರ ಎತ್ತತಾರ್ರೀ ಅಕ್ಕಾರ?"
ಗೊತ್ತಿಲ್ಲ ಅಂದೆ. ಖರೇನೇ ಗೊತ್ತಿಲ್ಲ.

15 ನವೆಂಬರ್, ಖಾನಾಪುರ
ನಿನ್ನೆ ಶೋದಲ್ಲಿ ಕೈ ಬಿಟ್ಟೆ. ಲೈಟ್ ಆರಿತು. ಚಪ್ಪಾಳೆ ತಡವಾಗಿ ಬಂತು. ಅವ್ವ ಮುಂದಿನ ಸಾಲಿನಲ್ಲೇ ಇದ್ದಳು. ಬೆಳಿಗ್ಗೆ ಅವಳನ್ನು ಬಿಡಲು ಬಸ್ಸಿನಲ್ಲಿ ಜೊತೆಗೆ ಬಂದೆ. ದಾರಿಯುದ್ದಕ್ಕೂ ಶೇಂಗಾ ಸುಲಿದು ತಿಂದಳು, ನನಗೂ ಕೊಟ್ಟಳು. ಮನೆಗೆ ಬಂದು ಚಹಾಕ್ಕೆ ಇಟ್ಟು, ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು:
"ನೀ ಬಿಟ್ಟು ಓಡಿದ್ದು ನಾ ಬಾಗಲದಾಗ ನಿಂತು ನೋಡಿದ್ನಿ. ತಲಿ ನಾನ ಎತ್ತಿದೆ. ಮಾಲಿ ಕೆಳಗ ಗದ್ದಕ್ಕ ಆಸರಾಗಿ ಅರಿವಿ ಸುತ್ತಿಟ್ಟು ನಿನ್ನ ಹುಡಕಾಕ ಹ್ವಾದೆ. ಹೊಳೀ ತನಕ ಓಡಿದೆ."
ಕೂಗಿ ಕರೆಯಬಾರದಿತ್ತೇ ಅಂತ ಕೇಳಿದೆ.
"ಕರದಿದ್ರ ನೀ ತಲಿ ಬಿಟ್ಟಿದ್ದು ಮಂದಿಗೆಲ್ಲಾ ತಿಳೀತಿತ್ತವಾ."

ಅದೇ ದಿನ, ಸಂಜೆ
ಹಾಗಾದರೆ ನೃತ್ಯ ಮುಗಿದಿಲ್ಲ. ತಲೆ ಬಿದ್ದ ಮೇಲೆ ಇನ್ನೊಬ್ಬಳು ಬರಬೇಕು. ಎತ್ತಿ, ಆನಿಸಿ, ಬಾಯಿ ಮುಚ್ಚಿಕೊಂಡು ಓಡಬೇಕು. ಹೇಗೆ ಓಡಿದೆ ತೋರಿಸು ಅಂತ ಅವ್ವನಿಗೆ ಅಂದೆ. ಹುಚ್ಚಿ ಅಂತ ನಕ್ಕಳು. ಮೊಣಕಾಲು ಹಿಡಿದುಕೊಂಡು ಎದ್ದಳು. ನೆರಿಗೆ ಎತ್ತಿ ಸಿಕ್ಕಿಸಿದಳು. ಎಡಗೈಯಿಂದ ಬಾಯಿ ಒತ್ತಿ ಹಿಡಿದಳು. ಅಂಗಳಕ್ಕೆ ಇಳಿದವಳು ನಿಲ್ಲಲೇ ಇಲ್ಲ, ಹೊಳೆಯ ದಾರಿ ಹಿಡಿದಳು. ಹಿಂದೆ ಓಡಿದೆ. ಇಲ್ಲೇ ಇದ್ದೇನೆ ಅವ್ವಾ ಅನ್ನಬೇಕು. ಹೊಳೆಯ ದಂಡೆಯಲ್ಲಿ ಅವಳನ್ನು ಹಿಡಿದು, ಬಾಯಿ ಮೇಲಿನ ಕೈ ಬಿಡಿಸಿ, ಅಂದೆ.