ಕೂಡುಮಣೆಗೆ ಹಾಕಿದ ಹೊಸ್ತಿಲು

ಹಾವೇರಿ
ಫೆಬ್ರವರಿ ೩೧, ೨೨೧೪

ಇಪ್ಪತ್ತೊಂದನೆಯ ಶತಮಾನದಲ್ಲಿ ಮನೆ ಮಾಡಿಕೊಂಡಿರುವ ಹಿರಿಯರಿಗೆ ಕೊಟ್ರೇಶನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯ ಬಡತನ ನೋಡಲಾಗದೆ ನಮ್ಮವರು ಅದಕ್ಕೆ ಮೂರು ದಿನ ದಾನ ಮಾಡಿದ್ದಾರೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಪ್ರಾಸದ ಚಟ ಮಾತ್ರ ನಮ್ಮ ಕಾಲದ್ದಲ್ಲ, ನನ್ನದೇ.

ನಮ್ಮ ಮನೆಗಳಲ್ಲಿ ಕುರ್ಚಿಯಿಲ್ಲ. ಮನುಷ್ಯ ಬಂದು ನಿಂತರೆ ನೆಲವೇ ಅವನ ಅಳತೆಗೆ ಉಬ್ಬಿ ಆಸನವಾಗುತ್ತದೆ. ಅದಕ್ಕೆ ಉಬ್ಬುಗದ್ದುಗೆ ಎನ್ನುತ್ತೇವೆ. ಒಬ್ಬರಿಗೆ ಒಂದೇ. ಗಂಡ ಹೆಂಡತಿ ಒತ್ತಿ ಕೂತರೂ ನಡುವೆ ಸೀಳಿ ಇಬ್ಬರನ್ನೂ ಬೇರೆ ಮಾಡುತ್ತದೆ. ಜಗಳವಾಡಿದ ದಿನ ಮಾತ್ರ ಅದರಿಂದ ಉಪಕಾರ. ಇದರಿಂದ ಬೇಸತ್ತು ನಮ್ಮ ಹಿಂದಿನವರು ಒಂದು ಪದ್ಧತಿ ತಂದರು. ಮದುವೆ ಗೊತ್ತಾಗುವ ಮುಂಚೆ ಹೆಣ್ಣಿನ ತಂದೆ ಕೈಯಾರೆ ಒಂದು ಮರದ ಬೆಂಚು ಮಾಡಬೇಕು. ಅದೇ ಕೂಡುಮಣೆ. ಎರಡೂ ಮನೆಯವರು ಅದರ ಮೇಲೆ ಒಟ್ಟಿಗೆ ಕೂರಬೇಕು. ಒಬ್ಬರು ನಿಂತೇ ಉಳಿದರೂ ಸಂಬಂಧ ಮುರಿದಂತೆ.

ನನ್ನ ಮಗಳು ಬನಶ್ರೀ ರಾಣೆಬೆನ್ನೂರಿನ ಹುಡುಗನನ್ನು ಒಪ್ಪಿದ್ದಳು. ಅವನಲ್ಲದೆ ಬೇರೆ ಯಾರೂ ಬೇಡವೆಂದೂ ಹೇಳಿದ್ದಳು. ನಾನೋ ಕನ್ನಡ ಓದಿ ಪದವಿ ಪಡೆದವನು, ಸುತ್ತಿಗೆ ಹಿಡಿದವನಲ್ಲ. ಮರ ಕಡಿಯುವುದು ಇಲ್ಲಿ ಅಪರಾಧ. ಸಿಗುವುದು ಮರುಮರ, ಅಂದರೆ ಕೆಡವಿದ ಮನೆಗಳಿಂದ ಬಂದ ಮರ. ಹಾಗೆ ನಿಮ್ಮ ಕಾಲದ ಒಂದು ಮನೆಯ ಸಾಗುವಾನಿ ಹೊತ್ತು ತಂದೆ. ತುಂಡು ತುಂಡಿಗೂ ಮೊಳೆ! ಕ್ಯಾಲೆಂಡರಿಗೊಂದು, ತೋರಣಕ್ಕೊಂದು, ಕೊಡೆಗೊಂದು, ಕಾರಣವೇ ಇಲ್ಲದವು ಬೇಕಾದಷ್ಟು. ಮಹನೀಯರೇ, ಗೋಡೆ ಇರಲಿಲ್ಲವೇ ನಿಮಗೆ? ಕಿತ್ತು ಕಿತ್ತು ಅಂಗೈ ಕೆತ್ತಿಹೋಯಿತು.

ಚೌಕಟ್ಟಿನ ಕಂಬಗಳನ್ನು ಕಾಲು ಮಾಡಿದೆ. ಮೇಲೆ ಒಂದು ಕದ, ಅದರ ಮುಂದೆ ಒಂದು ದಪ್ಪ ಹಲಗೆ. ಎಲ್ಲಕ್ಕೂ ಮರದ ಬೆಣೆಯೇ ಬಂಧ. ಉಜ್ಜಲಿಲ್ಲ, ಒರಟಿದ್ದರೇ ಅಂದ. ಆ ದಪ್ಪ ಹಲಗೆಯ ನಡುವೆ ಒಂದು ನಯವಾದ ತಗ್ಗಿತ್ತು. ಕೂರಲೆಂದೇ ಯಾರೋ ಕೆತ್ತಿದಂತಿದೆ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. "ಮೊದಲ ಕುಂತು ತೋರಸ್ರಿ, ಆಮ್ಯಾಲ ಹೊಗಳಿಕೊಳ್ರಿ" ಎಂದಳು. ಕೂತೆ. ಬೆಂಚು ನರಳಿತು, ಮುರಿಯಲಿಲ್ಲ.

ಗೊತ್ತು ಮಾಡಿದ ದಿನ ಬೀಗರಾಗುವವರು ಬಂದರು. ಎಲ್ಲರೂ ಕೂತರು, ಹುಡುಗನ ಅಜ್ಜಿ ನೀಲಗಂಗವ್ವನ ಹೊರತು. ಆಕೆ ಬಗ್ಗಿ ಹಲಗೆಯ ಬಿರುಕಿನಲ್ಲಿ ಬೆರಳಾಡಿಸಿದಳು. ತುದಿಗೆ ಕೆಂಪು ಹತ್ತಿತು.

"ಕೊಟ್ರೇಶಿ, ಇದು ಎಲ್ಲೀದೋ?"

"ಹಳೇ ಮನೀದ್ರಿ, ಅವ್ವಾರ."

"ಮನೀದಂತ ನನಗೂ ಕಾಣತೈತಿ. ಇದು ಹೊಸ್ತಿಲೋ! ಮಂದಿ ಕಾಲಿಗೆ ಸವದ ತಗ್ಗು ಇದು. ಅರಿಷಿಣ ಕುಂಕುಮ ಹಚ್ಚಿ ಕೈಮುಗಿದ ಕಟಗಿ ಮ್ಯಾಲ ನಮ್ಮವರನ್ನೆಲ್ಲ ಕುಂಡಿ ಊರಿ ಕುಂಡ್ರಸೀಯಲ್ಲೋ!"

ಎಲ್ಲರೂ ಒಮ್ಮೆಲೇ ಎದ್ದು ನಿಂತರು. ನನ್ನ ಅಜ್ಞಾನಕ್ಕೆ ಕಾರಣವಿತ್ತು. ನಮ್ಮಲ್ಲಿ ಗೋಡೆಯೇ ಸರಿದು ದಾರಿ ಬಿಡುತ್ತದೆ. ಹೊಸ್ತಿಲನ್ನು ನಾನು ಕಂಡವನೇ ಅಲ್ಲ. ಆಕೆ ಮಾತ್ರ ಬಾಲ್ಯದಲ್ಲಿ ಹೊಸ್ತಿಲಿದ್ದ ಮನೆಯಲ್ಲಿ ಬೆಳೆದವಳು. ಕಾರಣ ಹೇಳಿದರೆ ಸಂಬಂಧ ಉಳಿಯುತ್ತದೆಯೇ? ಹುಡುಗನ ಅಪ್ಪ ಆಗಲೇ ಚಪ್ಪಲಿ ಹುಡುಕುತ್ತಿದ್ದ. ಮಗಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅವಳು ಒಳಗಿನಿಂದ ಕೊಡತಿ ತಂದು ಬೆಣೆಗಳನ್ನು ಬಡಿದು ಬಿಚ್ಚತೊಡಗಿದಳು. ಹಲಗೆ ಕಳಚಿ ಬಂದಾಗ, "ಅಜ್ಜಿ, ಕುಂಡ್ರಾಕ ಬ್ಯಾಡ. ದಾಟಾಕ ಇಡ್ಲೇನು?" ಎಂದಳು.

ಮುದುಕಿ ಅವಳನ್ನು ದಿಟ್ಟಿಸಿ, "ಇಡು ನೋಡೋಣು" ಎಂದಳು.

ಮುಂದಿನ ಎರಡು ಕಾಲುಗಳ ನಡುವೆ, ನೆಲಕ್ಕೆ ಹತ್ತಿಸಿ ಅದನ್ನು ಜೋಡಿಸಿದೆವು. ಹೊಸ್ತಿಲು ನೆಲಕ್ಕಿಳಿಯಿತು, ನನ್ನ ಹಮ್ಮು ಬಿಲಕ್ಕಿಳಿಯಿತು. ಕೂರಲು ಉಳಿದದ್ದು ಒಂದು ಕದದ ಅಗಲ ಮಾತ್ರ. ನೀಲಗಂಗವ್ವ ನಿರಿಗೆ ಎತ್ತಿ, ಬಲಗಾಲು ಮುಂದಿಟ್ಟು, ತುಳಿಯದೆ ದಾಟಿ ನಟ್ಟನಡುವೆ ಕೂತಳು. "ಸರೀರಿ, ಸರೀರಿ!" ಎಂದು ಎರಡೂ ಕಡೆಯವರನ್ನು ಮೊಣಕೈಯಿಂದ ಒತ್ತಿದಳು. ಒಬ್ಬೊಬ್ಬರಾಗಿ ದಾಟಿದರು, ಅರ್ಧರ್ಧ ಕೂತರು, ಬೀಳದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡರು. ನಾನು ಕೊಡತಿ ಹಿಡಿದು ಬಾಯಿ ತೆರೆದು ನಿಂತೇ ಇದ್ದೆ.

"ಅಲ್ಲೇನ್ ಮಾಡಾಕತ್ತೀ? ಬಾ, ಕುಂಡ್ರು ಬೀಗಾ!" ಎಂದು ಮುದುಕಿ ಕರೆದಳು.

ಆ ಕೊನೆಯ ಪದ ಕಿವಿಗೆ ಬಿದ್ದ ಮೇಲೆ ನಾನು ಉಸಿರಾಡಿದೆ. ಇವತ್ತಿಗೂ ಅದೇ ಉಸಿರಿನಲ್ಲಿ ಬರೆಯುತ್ತಿದ್ದೇನೆ.

ಒಂದೇ ಕೋರಿಕೆ. ಮನೆ ಕೆಡವುವಾಗ ಹೊಸ್ತಿಲನ್ನು ಬೇರೆ ಮರದ ಜೊತೆ ಒಟ್ಟಬೇಡಿ, ದಯವಿಟ್ಟು ಬದಿಗಿಡಿ. ಮುಂದೆ ಯಾವನೋ ಹೆಣ್ಣಿನ ತಂದೆ ಅದರ ಮೇಲೆ ಬೀಗರನ್ನು ಕೂರಿಸಿಬಿಟ್ಟಾನು. ಅವನ ಮಗಳು ನನ್ನ ಮಗಳಷ್ಟು ಜಾಣೆಯಾಗಿರುತ್ತಾಳೆಂದು ನಾನು ಭರವಸೆ ಕೊಡಲಾರೆ.